ಎರಡು ಸೀಟಿನ ಕಾರಿನ ಹಿಂದಿನ ಪಾಟಾ

ಆಗ ನನಗೆ ಅರವತ್ತೊಂದು. ಅದಾಗಿ ಈಗ ಎಂಟು ವರ್ಷ. ಗಂಡ ಸತ್ತು ಏಳು ತಿಂಗಳಾಗಿತ್ತು, ರಂಗಂಪೇಟೆಯ ನಮ್ಮ ಕುಲುಮೆಯನ್ನು ನಾನೇ ನಡೆಸುತ್ತಿದ್ದೆ. ನಲವತ್ತು ವರ್ಷ ಅವನ ಎದುರು ನಿಂತು ಚಮಟಿಗೆ ಹೊಡೆದವಳು. ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಸುರಪುರದ ಒಬ್ಬ ವಕೀಲರ ಮನೆಯಲ್ಲಿ ಅವರಪ್ಪನ ಕಾಲದ ವಿಲಾಯತಿ ಕಾರು ಇತ್ತು. ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಿಗೆ, ಜೋರಾಗಿ ಓಡಿಸುವ ಶೋಕಿಗೆಂದೇ ಮಾಡಿದ್ದು. ಅದರ ಹಿಂದಿನ ಗಾಲಿಗಳ ಪಾಟಾ ಕುಸಿದಿದ್ದವು. ಪಾಟಾ ಎಂದರೆ ಒಂದರ ಕೆಳಗೊಂದು ಜೋಡಿಸಿ ಕಟ್ಟಿದ ಉಕ್ಕಿನ ಬಾಗಿದ ಪಟ್ಟಿಗಳು. ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಎರಡನ್ನೂ ಬಿಚ್ಚಿಸಿ ನನ್ನ ಗಂಡನಿಗೆ ಕೊಟ್ಟಿದ್ದರು, ಕಾಯಿಸಿ ಮತ್ತೆ ಬಾಗಿಸಿಕೊಡು ಎಂದು. ಕೆಲಸ ಪೂರ್ತಿಯಾಗುವ ಮೊದಲೇ ಅವನು ಸತ್ತ.

ವಕೀಲರು ಪಾಟಾ ಒಯ್ಯಲು ಬಂದಾಗ ಯಾದಗಿರಿಯಲ್ಲಿ ಕಾರು ರಿಪೇರಿ ಮಾಡುವ ಒಬ್ಬ ಮಿಸ್ತ್ರಿಯನ್ನು ಕರೆತಂದಿದ್ದರು. ಗಂಡ ಕಪ್ಪು ಬಣ್ಣ ಬಳಿದಿಟ್ಟಿದ್ದ ಜೋಡಿಯನ್ನು, ಕೆಲಸ ಮುಗಿದಿದೆ ಎಂದುಕೊಂಡು, ನಾನು ತೋರಿಸಿದೆ. ಮಿಸ್ತ್ರಿ ಬಗ್ಗಿ ನೋಡಲೂ ಇಲ್ಲ.

"ಇವು ಅಸಲಿ ಅಲ್ಲ ಸಾಹೇಬ್ರ. ಅಸಲಿವು ಹೈದರಾಬಾದಿಗೆ ಮಾರಾಟಾಗಿ ಹೋಗ್ಯಾವ. ಜೀಪಿನ ಪಾಟಾಕ್ಕ ಬಣ್ಣ ಹಚ್ಚಿ ಇಟ್ಟಾನ ಆ ಮುದುಕ."

ವಕೀಲರು ನಂಬಿದರೆಂದು ಅವರ ಮುಖವೇ ಹೇಳಿತು. ಊರಿನವರು ಕುಂಟೆ, ಕೊಡಲಿ, ನೇಗಿಲಿನ ಕುಳ ಎಲ್ಲವನ್ನೂ ಚೀಟಿ ಚಪಾಟಿ ಇಲ್ಲದೆ ನಮ್ಮ ಬಾಗಿಲಲ್ಲಿ ಇಟ್ಟುಹೋಗುತ್ತಾರೆ. ಸತ್ತವನ ಮೇಲೆ ಕಳ್ಳನೆಂಬ ಹೆಸರು ಕೂತರೆ ನಾಳೆ ಒಬ್ಬನೂ ಇಡುವುದಿಲ್ಲ. ಇವನನ್ನು ಸುಮ್ಮನೆ ಬಿಡಬಾರದು ಎಂದು ಗಟ್ಟಿ ಮಾಡಿಕೊಂಡೆ.

ಅರ ತೆಗೆದುಕೊಂಡು ಪಟ್ಟಿಯ ತುದಿಯ ಬಣ್ಣ ಕೆರೆದೆ. ಕಡಿಯಲೆಂದು ನಮ್ಮಲ್ಲಿ ಬಿದ್ದಿದ್ದ ಜೀಪಿನ ಹಳೆಯ ಪಟ್ಟಿಯೊಂದನ್ನು ಪಕ್ಕಕ್ಕಿಟ್ಟೆ. ಜೀಪಿನದು ಕಡಿದುಬಿಟ್ಟ ಮೊಂಡು ತುದಿ. ಕಾರಿನದು ತುದಿಗೆ ಬರುತ್ತ ಬರುತ್ತ ತೆಳ್ಳಗಾಗಿತ್ತು. ಅಂಥವು ಈಗಲೂ ಸಿಗುತ್ತವೆ ಎಂದು ಮಿಸ್ತ್ರಿ ನಕ್ಕ.

"ನಡಿ ತಮ್ಮಾ, ಕಾರನ್ನs ಕೇಳೂಣು," ಎಂದೆ.

ಪಾಟಾ ಎರಡನ್ನೂ ಕೈಗಾಡಿಗೆ ಹಾಕಿ ನಾನೇ ದೂಡಿಕೊಂಡು ಹೋದೆ. ವಕೀಲರ ಅಂಗಳದಲ್ಲಿ ಕಾರು ಇಟ್ಟಿಗೆಗಳ ಮೇಲೆ ಕೂತಿತ್ತು. ಮೊದಲು ಹಗ್ಗದಲ್ಲಿ ಅಳೆದೆ. ಪಾಟಾದ ನಡುವಿನ ಬೋಲ್ಟು ನಟ್ಟನಡುವೆ ಇರಲಿಲ್ಲ. ಮುಂದಿನ ಕಡೆ ಎರಡು ಗೇಣು, ಹಿಂದಿನ ಕಡೆ ಎರಡೂವರೆ. ಕಾರಿನಲ್ಲಿ ಪಾಟಾ ಕೂರುವ ಜಾಗದ ಅಳತೆಯೂ ಸರಿಯಾಗಿ ಅಷ್ಟೇ. ಆಮೇಲೆ ನಡುವಿನ ಬಣ್ಣ ಕೆರೆದೆ. ಪಾಟಾವನ್ನು ಗಾಲಿಯ ಅಚ್ಚಿಗೆ ಬಿಗಿಯುವ ಬೋಲ್ಟುಗಳು ಅಷ್ಟು ವರ್ಷ ಉಜ್ಜಿ ಉಕ್ಕನ್ನೇ ತಿಂದು ಗುಳಿ ಮಾಡಿದ್ದವು. ಪಾಟಾ ಎತ್ತಿ ಹಿಡಿದು, ಕಾರಿನಲ್ಲೇ ಉಳಿದಿದ್ದ ಆ ಬೋಲ್ಟುಗಳನ್ನು ತೊಡಿಸಿದೆ. ನಾಲ್ಕೂ ತಮ್ಮ ತಮ್ಮ ಗುಳಿಯಲ್ಲಿ ಕೂತವು. ಬಲಗಡೆಯ ಒಂದು ಬೋಲ್ಟು ಓರೆಯಾಗಿ ಸವೆದಿತ್ತು, ಅದರ ಗುಳಿಯೂ ಓರೆ. ಅಂಥದ್ದನ್ನು ಯಾರೂ ಬೇಕೆಂದು ಮಾಡಲಾರರು. ವಕೀಲರು ಬೆರಳಿಟ್ಟು ನೋಡಿ ತಲೆಯಾಡಿಸಿದರು.

ಮಿಸ್ತ್ರಿ ಮಾತ್ರ ಕೂತು ಪಟ್ಟಿ ಎಣಿಸಿದ. ಒಂದು ಪಾಟಾದಲ್ಲಿ ಆರು, ಇನ್ನೊಂದರಲ್ಲಿ ಐದು.

"ಒಂದು ಎಲ್ಲಿ ಹೋತು ಆಯೀ?"

ಎಲ್ಲಿ ಹೋಯಿತೆಂದು ನನಗೆ ಆಗಲೇ ಹೊಳೆಯಿತು. ನಮ್ಮ ಕುಲುಮೆಯಲ್ಲಿ ಒಂದು ಕಟ್ಟಳೆ. ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಕೆಳಗಿನ ಮರದ ದಿಮ್ಮಿಗೆ ಆನಿಸಿದ್ದು ಗಿರಾಕಿಯದು, ಗೋಡೆಗೆ ಆನಿಸಿದ್ದು ನಮ್ಮದು, ಬೇರೆ ಕೆಲಸಕ್ಕೆ ಕಡಿಯಲು. ಕಾಯಿಸಿ ತಣಿಸಿ ಹದ ಹಾಕುವುದು ಬಾಕಿಯಿದ್ದ ಕೆಳಗಿನ ಗಿಡ್ಡ ಪಟ್ಟಿಯನ್ನು ಗಂಡ ದಿಮ್ಮಿಗೇ ಆನಿಸಿದ್ದಿರಬೇಕು. ಅವನು ಸತ್ತ ದಿನ ಮಂದಿಗೆ ಕೂರಲು ಜಾಗ ಬೇಕೆಂದು ನಾನೇ ಎಲ್ಲವನ್ನೂ ಎತ್ತಿ ಗೋಡೆಗೆ ನಿಲ್ಲಿಸಿದ್ದೆ. ಮುಂದೆ ಜೋಳದ ಕೊಯ್ಲು ಬಂದಾಗ ಗೋಡೆಯದನ್ನು ಕಡಿದು ಕುಡುಗೋಲು ಮಾಡಿದೆ. ಆ ಉಕ್ಕು ಬಹಳ ಚೊಲೋ ಅನ್ನಿಸಿದ್ದೂ ನೆನಪಿದೆ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ವಕೀಲರು ಒಳ್ಳೆಯವರು. "ಇರ್ಲಿ ಬಿಡವ್ವಾ, ನಿಮ್ಮ ಯಜಮಾನ್ರು ಇದ್ದಾಗs ಎಲ್ಲೋ ತಪ್ಪಿರಬೇಕು," ಎಂದರು.

ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ರಿ. ಅವ ಸರಿಯಾಗಿ ಇಟ್ಟಿದ್ದ. ನಾನs ಕಡದೀನಿ, ಕುಡಗೋಲು ಮಾಡೀನಿ. ಮಂದಿಗಿ ಹೇಳೂದಿದ್ರ ನನ್ನ ಹೆಸರು ಹೇಳ್ರಿ."

ಆಮೇಲೆ ವಕೀಲರು, ಅಂಥದ್ದೇ ಒಂದು ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಆದರೆ ಅದು ಅಸಲಿ ಅಲ್ಲ, ಕೇಳಿದವರಿಗೆ ನೀವು ಹಾಗೆಯೇ ಹೇಳಬೇಕು ಎಂದೆ. ಒಪ್ಪಿದರು. ಮಿಸ್ತ್ರಿ ಬಣ್ಣ ಹತ್ತಿದ ಕೈಯನ್ನು ಚಿಂದಿಗೆ ಒರೆಸುತ್ತ ನಿಂತಿದ್ದ. ತಪ್ಪಾಯಿತು ಎನ್ನಲಿಲ್ಲ, ಅವನ ಬಾಯಲ್ಲಿ ಅದನ್ನು ಹೇಳಿಸಲು ನಾನೂ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಇದ್ದಿಲು ಹೊತ್ತಿಸಿ, ಜೀಪಿನ ಪಟ್ಟಿಯೊಂದನ್ನು ಅಳತೆಗೆ ಕಡಿದು ಕೆಂಪಗೆ ಕಾಯಿಸಿದೆ. ಎರಡೂ ತುದಿ ತೆಳ್ಳಗೆ ಬಡಿದು, ಬಾಗಿಸಿ, ಹದ ಹಾಕಿ, ಆರಲು ದಿಮ್ಮಿಗೇ ಆನಿಸಿಟ್ಟು ರೊಟ್ಟಿ ಬಡಿಯಲು ಒಳಗೆ ಹೋದೆ.