ಐದು ಎಚ್‌ಪಿ ಮೋಟರು

ವಿರೂಪಣ್ಣನ ಅಕ್ಕಿ ಗಿರಣಿಗೆ ಕಾಲಿಟ್ಟಾಗಲೆಲ್ಲ ಅನ್ನಪೂರ್ಣಳಿಗೆ ವಾಕರಿಕೆ ಬರುತ್ತಿತ್ತು. ಕುದಿಸಿದ ಭತ್ತದ ಹುಳಿ ನಾತಕ್ಕಲ್ಲ. ಆ ನಾತ ಪೋತ್ನಾಳದ ಗಾಳಿಯಲ್ಲೇ ಇದೆ, ಮೂಗು ಹೇಗೋ ಹೊಂದಿಕೊಳ್ಳುತ್ತದೆ. ಮಾಲೀಕನ ಮಾತಿಗೆ ಮಾತ್ರ ಅವಳ ಕಿವಿ ಹೊಂದಿಕೊಂಡಿರಲಿಲ್ಲ.

ದೇವದುರ್ಗದ ಹಮಾಲಿಯೊಬ್ಬನ ಮಗಳು ಆಕೆ. ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ, ಸರಕು ಎತ್ತುವ ಲಿಫ್ಟ್ ಕೂರಿಸುವ ಕಂಪನಿ ಸೇರಿದ್ದಳು. ತೂಕ, ಎತ್ತರ, ಸಮಯ ಗೊತ್ತಾದರೆ ಎಷ್ಟು ಶಕ್ತಿಯ ಮೋಟರು ಬೇಕೆಂದು ಹೇಳುವುದು ಅವಳ ಕೆಲಸ. ಹತ್ತು ಚೀಲ ಅಕ್ಕಿ, ಕಬ್ಬಿಣದ ತೊಟ್ಟಿಲು, ಜೊತೆಗೆ ಇಬ್ಬರು ಹಮಾಲಿಗಳು. ಮೂವತ್ತು ಅಡಿ ಮೇಲಿನ ಗೋದಾಮಿಗೆ ಹದಿನೈದು ಸೆಕೆಂಡಿನಲ್ಲಿ ಏರಬೇಕೆಂದು ವಿರೂಪಣ್ಣ ಕೇಳಿದ್ದ. ತಿಕ್ಕಾಟದ ನಷ್ಟವನ್ನೂ ಸೇರಿಸಿ ಹತ್ತು ಎಚ್‌ಪಿ ಎಂದಿದ್ದಳು. ಇವತ್ತು ಎಲ್ಲ ಸರಿಯಿದೆಯೆಂದು ಸಹಿ ಹಾಕಿ ಲಿಫ್ಟ್ ಒಪ್ಪಿಸಲು ಬಂದರೆ, ಅವನು ತನ್ನ ಹೊಲದ ಪಂಪಿನ ಹಳೇ ಐದು ಎಚ್‌ಪಿ ಮೋಟರು ಕೂರಿಸಿದ್ದಾನೆ.

“ಇದ ಮೋಟರು ಕಾಲುವಿ ನೀರು ಎತ್ತಿ ಹನ್ನೆರಡು ಎಕರಿಗೆ ಹಾಯಿಸ್ತದ್ರೀ. ಹತ್ತು ಚೀಲ ಎತ್ತಂಗಿಲ್ಲೇನು?” ಎಂದು ವಿರೂಪಣ್ಣ ಗುಟ್ಕಾ ಉಗುಳಿದ. ಈ ಸೀಮೆಯ ಲೆಕ್ಕವೇ ಇಷ್ಟು. ಗದ್ದೆ ತೋಯಿಸಿದ ಮೋಟರು ಗುಡ್ಡವನ್ನೂ ಎತ್ತಬೇಕು.

“ನೀರು ದಿನಪೂರ್ತಿ ಸ್ವಲ್ಪ ಸ್ವಲ್ಪ ಹರೀತದ್ರೀ. ಹಂಗ ನಿಧಾನಕ್ಕ ಆದ್ರ ಇದೂ ಎತ್ತತದ. ಗೇರ್ ಬದಲಿ ಮಾಡ್ರಿ, ಮೂವತ್ತು ಸೆಕೆಂಡ್ ಹಿಡೀತದ,” ಎಂದಳು ಅನ್ನಪೂರ್ಣ.

“ಅಷ್ಟೊತ್ತು ಯಾರು ಕಾಯಬೇಕು? ಲೆಕ್ಕದಾಗ ಆ ಇಬ್ಬರು ಹಮಾಲಿಗಳನ್ನ ತೆಗೀರಿ. ಮಂದಿ ಹತ್ತಬಾರದಂತ ಬೋರ್ಡ್ ಹಾಕಸ್ತೀನಿ.”

ಹದಿನೈದು ಸೆಕೆಂಡು ಉಳಿಸಲು ಅರ್ಧ ತಾಸು ವಾದ ಮಾಡುವ ಆ ಕೆಂಪು ಬಾಯಿ ಕಂಡು ಅವಳಿಗೆ ಹೇಸಿಗೆಯಾಯಿತು. ಬೋರ್ಡಿನ ಮಾತಾಡಿದವನೇ ಮರುಗಳಿಗೆ ಹಮಾಲಿಗೆ ಕೂಗಿದ: “ಹುಲಿಗೆಪ್ಪ, ಚೀಲದ ಸಂಗಾಟ ಹತ್ತಲೇ.”

ಹುಲಿಗೆಪ್ಪ ಹತ್ತಿದ. ಮೋಟರು ನರಳಿತು, ತೊಟ್ಟಿಲು ಮಾರುದ್ದ ಏರಿ ಹಿಂದಕ್ಕೆ ಜಾರಿ ದೊಪ್ಪನೆ ಕೂತಿತು.

ಅನ್ನಪೂರ್ಣ ವಿರೂಪಣ್ಣನ ಕಡೆ ತಿರುಗಿದಳು. “ಈಗ ನೀವ ಹತ್ರಿ. ಮ್ಯಾಲೆ ಮುಟ್ಟಿದ್ರ ಸಹಿ ಹಾಕ್ತೀನಿ.”

ಅವನು ಹಗ್ಗ ನೋಡಿದ, ರಾಟೆ ನೋಡಿದ, ಫೋನು ಬಂದವನಂತೆ ಹೊರಗೆ ನಡೆದ. ಥೂ, ಎಲ್ಲ ಗೊತ್ತಿದ್ದೇ ಮಾಡುವ ಹೊಲಸು ಕೆಲಸ. ಅವಳು ಪೆನ್ನನ್ನು ತನ್ನ ಬ್ಯಾಗಿಗೆ ಹಾಕಿದಳು.

“ಸಹಿ ಹಾಕಿಬಿಡ್ರೀ ಅಕ್ಕಾರ,” ಎಂದ ಹುಲಿಗೆಪ್ಪ ತೊಟ್ಟಿಲಿನಿಂದಲೇ. “ಮೆಟ್ಲ ಹತ್ತಿ ಹತ್ತಿ ಮೊಣಕಾಲು ಹೋಗ್ಯಾವ.”

“ಮ್ಯಾಲಿಂದ ಬಿದ್ರ ಏನು ಮಾಡ್ತಿ?”

“ಚೀಲ ಹೊರೋದು ತಪ್ಪತದ.”

ಅವಳು ಸಹಿ ಹಾಕಲಿಲ್ಲ. ಮಾಡಿದ್ದು ಸರಿಯೇ. ಆದರೂ ಹುಲಿಗೆಪ್ಪ ಮೊದಲ ಚೀಲವನ್ನು ಬೆನ್ನಿಗೆಳೆದುಕೊಂಡು ಮೆಟ್ಟಿಲು ಹತ್ತತೊಡಗಿದಾಗ, ಅವನ ಮುಖ ನೋಡಲು ಅವಳಿಂದ ಆಗಲಿಲ್ಲ.