ಮಾವನವರು ನನ್ನ ಮೋಟಾರ್ ಸೈಕಲ್ಲಿಗೆ ಕುಡಿತ ಬಿಡಿಸಿದ್ದು

ಸ್ನೇಹಿತರೇ, ಈ ಹೊತ್ತಿಗೆ ಕ್ಲೋಸ್‌ಪೇಟೆಯ ಕಚೇರಿಯಲ್ಲಿ ಇರಬೇಕಾದ ನಾನು ಇನ್ನೂ ಮಾಗಡಿಯಲ್ಲೇ, ಮಾವನವರ ಜಗುಲಿಯ ಮೇಲೆ ಕೂತಿದ್ದೇನೆ. ಆ ಕಚೇರಿಯಲ್ಲಿ ನಮ್ಮ ರೇಷ್ಮೆ ಇಲಾಖೆಯ ಸಾಹೇಬರು ನನ್ನ ದಾರಿ ಕಾಯುತ್ತಿದ್ದಾರೆ.

ಮಹಾರಾಜರ ಸರ್ಕಾರ ಈಗ ಪೆಟ್ರೋಲಿಗೆ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ ಬೆರೆಸಿ ಮಾರಿಸುತ್ತಿದೆಯಲ್ಲ, ನನ್ನ ಮೋಟಾರ್ ಸೈಕಲ್ಲಿಗೂ ಅದನ್ನೇ ಹಾಕಿಸಿದ್ದೆ. ಬೆಳಿಗ್ಗೆ ಅದನ್ನು ಅಂಗಳದಲ್ಲಿ ನಿಲ್ಲಿಸಿದ್ದೇ ತಪ್ಪಾಯಿತು. ಮಾವನವರು ಟ್ಯಾಂಕಿನ ಬಾಯಿ ಮೂಸಿ ನೋಡಿ, “ಇದು ಸಾರಾಯಿ ವಾಸ್ನೆ. ಲಿಂಗಪೂಜೆ ನಡೆಯೋ ಮನೇಲಿ ಕುಡ್ದಿರೋ ಗಾಡಿ ನಿಲ್ಲಂಗಿಲ್ಲ” ಅಂದರು. ನಾನು ನಕ್ಕು ಊಟಕ್ಕೆ ಒಳಗೆ ಹೋದೆ. ಮುದ್ದೆ ಮುಗಿಸಿ ಬರುವಷ್ಟರಲ್ಲಿ ಅವರು ಶುದ್ಧಿಗೆಂದು ಟ್ಯಾಂಕಿಗೆ ಒಂದು ಚೊಂಬು ತೀರ್ಥ ಸುರಿದು ಮುಚ್ಚಳ ಹಾಕಿದ್ದರು.

ನೀರು ಸಿಕ್ಕಿದರೆ ಈ ಸ್ಪಿರಿಟ್ಟು ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ. ಕಾಲು ಸೋಲುವವರೆಗೂ ಕಿಕ್ ಒದ್ದೆ. ಎಂಜಿನ್ನು ಎರಡು ಸಲ ಗಡಗಡ ನಡುಗಿ ಸುಮ್ಮನಾಯಿತು.

“ಇದೇನು ಮಾಡಿಬಿಟ್ರಿ ಮಾವ” ಅಂದೆ.

ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತ ಸಮಾಧಾನ ಹೇಳಿದರು: “ಕುಡಿತ ಬುಟ್ಟ ಮೊದಲ್ನೇ ದಿಸ ಯಾರಿಗಾದ್ರೂ ಹಿಂಗೇ ನಡುಕ ಬತ್ತದೆ ಅಳಿಯಂದ್ರೇ. ನಾಳಿಕ್ಕೆ ಸರಿಹೋಯ್ತದೆ. ಇವತ್ತು ಪಾಪ, ಒದೀಬ್ಯಾಡಿ.”