ನೆವಿಲ್‌ನ ನಕ್ಷೆಯ ನೂರೆಂಬತ್ತು ಗಜ

ನೆವಿಲ್ ಟನಿಕ್ಲಿಫ್‌ನ ಜೊತೆ ಅಂಗಡಿಗೆ ಹೋಗಿಬರಲು ಹೊರಟರೆ ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯುತ್ತದೆ. ಮೂಲೆಮನೆಯೊಂದರ ಗೋಡೆ ಓರೆಯಾಗಿದ್ದರೆ ಸಾಕು, ಅಲ್ಲೇ ನಿಂತುಬಿಡುತ್ತಾನೆ.

"ಓರೆ ಗೋಡೆ ಕಟ್ಟೋಕೆ ಮೇಸ್ತ್ರಿಗೇನು ಹುಚ್ಚಾ, ಐರಿಸ್? ಇಲ್ಲಿ ಹಳಿ ಹೋಗ್ತಿತ್ತು ಕಣೇ. ಅದಕ್ಕೆ ಜಾಗ ಬಿಟ್ಟು ಕಟ್ಟಿದಾನೆ."

ಯಾರದೋ ಗಜ್ಜರಿ ಮಡಿಯಲ್ಲಿ ಒಂದು ಪಟ್ಟಿ ಮಾತ್ರ ಮಣ್ಣು ಕರ್ರಗಿದ್ದರೆ ಬೇಲಿಯ ಮೇಲಿಂದ ಬಗ್ಗಿ ಒಂದು ಚಿಟಿಕೆ ತೆಗೆದು, ಕಲ್ಲಿದ್ದಲ ಪುಡಿಯೇ ಎಂದು ಬೆರಳಲ್ಲಿ ಉಜ್ಜಿ ನೋಡುತ್ತಾನೆ. ಮನೆಯೊಡತಿ ಬೈದರೆ ಟೋಪಿ ಎತ್ತಿ ನಗುತ್ತಾನೆ. ಅಷ್ಟರಲ್ಲಿ ಅಂಗಡಿಯಿಂದ ತಂದ ಓಟ್ಸ್ ದೋಸೆ ನನ್ನ ಕೈಯಲ್ಲೇ ತಣ್ಣಗಾಗಿ ಚರ್ಮದಂತಾಗಿರುತ್ತದೆ.

ನಮ್ಮ ಸ್ಟೋಕ್ ಊರಿನಲ್ಲಿ ಒಂದು ಕಾಲಕ್ಕೆ ಬೀದಿಗೊಂದು ಕಲ್ಲಿದ್ದಲ ಗಣಿ, ಗಣಿಗೊಂದು ಹಳಿ ಇದ್ದವು. ಈಗ ಗಣಿ ಮುಚ್ಚಿದ ಕಡೆ ಹುಲ್ಲು ಬೆಳೆಸಿ ಬೆಂಚು ಹಾಕಿದ್ದಾರೆ. ನಾವೆಲ್ಲ ದುಡಿದ ರೇವನ್ಸ್ ಕ್ಲಫ್ ಗಣಿಯದು ಒಂದು ಇಟ್ಟಿಗೆಯೂ ಉಳಿದಿಲ್ಲ. ಉಳಿದಿರುವುದೆಲ್ಲ ನೆವಿಲ್ ಬರೆದ ಹಳೇ ಹಳಿಗಳ ನಕ್ಷೆಯಲ್ಲಿದೆ.

ಅವನು ಹೆಚ್ಚು ಓದಿದವನಲ್ಲ. ಹದಿನಾರಕ್ಕೇ ಗಣಿಗೆ ಇಳಿದವನು. ಅವನ ಪಕ್ಕದಲ್ಲೇ ಹದಿನೈದು ವರ್ಷ ಕಲ್ಲಿದ್ದಲು ಕಡಿದವನು ಲೆಸ್ಲಿ ಬ್ಲೂರ್. ಎಂಬತ್ತನಾಲ್ಕರ ಗಣಿ ಮುಷ್ಕರದ ಹತ್ತನೇ ತಿಂಗಳಲ್ಲಿ ಲೆಸ್ಲಿ ನಮ್ಮನ್ನೆಲ್ಲ ಬಿಟ್ಟು ಕೆಲಸಕ್ಕೆ ಹೋದ. ಅವನನ್ನು ಒಳಗೆ ಕರೆದೊಯ್ಯುತ್ತಿದ್ದ ಬಸ್ಸಿಗೆ ನೆವಿಲ್ ಅಡ್ಡ ನಿಂತ, ಕಿಟಕಿಗೆ ಗುದ್ದಿದ. ಪೊಲೀಸರು ಎಳೆದೊಯ್ದರು. ಮುಷ್ಕರ ಮುಗಿದು ಎಲ್ಲರೂ ಗಣಿಗೆ ಮರಳಿದರು. ಇವನೊಬ್ಬನನ್ನು ಮಾತ್ರ ಮತ್ತೆ ಸೇರಿಸಿಕೊಳ್ಳಲಿಲ್ಲ. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ. ಅವರಿಬ್ಬರಿಗೇನು, ನಮ್ಮ ಕೇರಿಯಲ್ಲಿ ಯಾರಿಗೂ ಲೆಸ್ಲಿಯ ಜೊತೆ ಮಾತಿಲ್ಲ. ಆ ವರ್ಷ ಮುಷ್ಕರದ ಅಡುಗೆಮನೆಯಲ್ಲಿ ದಿನಾ ಇನ್ನೂರು ಜನಕ್ಕೆ ಆಲೂಗಡ್ಡೆ ಸುಲಿದವಳು ನಾನು. ಮೂವತ್ತೊಂದು ವರ್ಷ ಅವನನ್ನು ಕಂಡಲ್ಲೆಲ್ಲ ಮುಖ ತಿರುಗಿಸಿದ್ದೇನೆ, ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ಕೆಲಸ ಹೋದ ಮೇಲೆ ನೆವಿಲ್ ಮನೆಮನೆಗೆ ಹಾಲು ಹಾಕಿದ. ಬೆಳಗಾಗುವ ಹೊತ್ತಿಗೆ ಊರಿನ ಹಿತ್ತಲುಗಳನ್ನೆಲ್ಲ ನೋಡುವ ಕೆಲಸ ಅದು. ಹಿತ್ತಲ ಗೋಡೆಗಳಲ್ಲಿ, ಮೆಟ್ಟಿಲುಗಳಲ್ಲಿ, ನಡುವೆ ತೂತಿರುವ ಚೌಕದ ಕಲ್ಲುಗಳು ಅವನ ಕಣ್ಣಿಗೆ ಬಿದ್ದವು. ಇನ್ನೂರು ವರ್ಷದ ಹಿಂದೆ, ಉಗಿಬಂಡಿಗೂ ಮುಂಚೆ, ಕುದುರೆಗಳು ಕಲ್ಲಿದ್ದಲ ತೊಟ್ಟಿಬಂಡಿಗಳನ್ನು ಗಣಿಯಿಂದ ಕಾಲುವೆಗೆ ಎಳೆಯುತ್ತಿದ್ದ ಹಳಿಗೆ ಹಾಸಿದ್ದ ಕಲ್ಲು ಅವು. ಆ ತೂತಿಗೆ ಮೊಳೆ ಹೊಡೆದು ಹಳಿ ಕೂರಿಸುತ್ತಿದ್ದರು. ಅಂದು ಹಿಡಿದ ಹುಚ್ಚು ಇಪ್ಪತ್ತಾರು ವರ್ಷವಾದರೂ ಬಿಟ್ಟಿಲ್ಲ. ಗಾಡಿ ನಿಲ್ಲಿಸಿ ಅಳೆಯುವುದು, ರಾತ್ರಿ ಊಟದ ಮೇಜಿನ ಮೇಲೆ ಗೆರೆ ಎಳೆಯುವುದು. ಹೆಂಡತಿ ಬದುಕಿರುವವರೆಗೆ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಂಡಳು, ಪಾಪ.

ಅವನಿಗೊಂದು ಕಟ್ಟುಪಾಡಿತ್ತು. ಕಣ್ಣಾರೆ ಕಾಣದ್ದಕ್ಕೆ ಗೆರೆ ಎಳೆಯುವುದಿಲ್ಲ. ಕಂಡದ್ದರ ಪಕ್ಕದಲ್ಲಿ ತೋರಿಸಿದವರ ಹೆಸರು ಬರೆಯದೆ ಬಿಡುವುದಿಲ್ಲ. ಆ ನಕ್ಷೆಯ ತುಂಬ ನಮ್ಮ ಜನರೇ ಇದ್ದಾರೆ: ಮೆಟ್ಟಿಲು ತೋರಿಸಿದ ವಿಧವೆ, ಬಚ್ಚಲು ಅಗೆಯುವಾಗ ಹಳಿಯ ತುಂಡು ಸಿಕ್ಕ ನಲ್ಲಿ ರಿಪೇರಿಯವನು.

ಹೋದ ವರ್ಷ ನಮ್ಮ ಗಣಿ ಕಾರ್ಮಿಕರ ಕ್ಲಬ್ಬಿಗೆ ನೂರು ತುಂಬಿತು. ಸಮಾರಂಭದ ಭಾನುವಾರ ನಕ್ಷೆಯನ್ನು ಸಭಾಂಗಣದ ಗೋಡೆಗೆ ಹಾಕೋಣ ಎಂದು ಕಾರ್ಯದರ್ಶಿಯಾದ ನಾನೇ ಕೇಳಿದೆ. ನೆವಿಲ್ ಸಪ್ಪಗಾದ. ನಕ್ಷೆಯಲ್ಲಿ ನೂರೆಂಬತ್ತು ಗಜ ಖಾಲಿ ಇತ್ತು. ಹಳಿ ಪ್ರಾರ್ಥನಾ ಮಂದಿರದ ಬಲಕ್ಕೆ ಹೋಯಿತೋ ಎಡಕ್ಕೋ ಗೊತ್ತಿರಲಿಲ್ಲ.

"ನೇರ ಎಳೆದುಬಿಡೋ ಮಾರಾಯ, ಯಾರು ಕೇಳ್ತಾರೆ?" ಎಂದೆ.

"ನಾನು ಕೇಳ್ತೀನಲ್ಲ."

ಆಮೇಲೆ ತಾನಾಗಿ ಹೇಳಿದ. ಆ ದಾರಿಯ ಕಲ್ಲು ಲೆಸ್ಲಿ ಬ್ಲೂರ್‌ನ ಹಿತ್ತಲಲ್ಲಿದೆ. ಹಾಲಿನ ಗಾಡಿಯ ಮೇಲಿಂದ ಇಪ್ಪತ್ತು ವರ್ಷ ದೂರದಿಂದಲೇ ನೋಡಿದ್ದಾನೆ, ಹತ್ತಿರ ಹೋಗಿ ಅಳೆದಿಲ್ಲ. ಆ ಮನೆಗೆ ಒಂದು ದಿನವೂ ಹಾಲು ಹಾಕಿದವನಲ್ಲ.

ಮರುದಿನ ಅಳತೆ ಟೇಪಿನ ತುದಿ ಹಿಡಿಯಲು ನನ್ನನ್ನೂ ಎಳೆದುಕೊಂಡು ಹೋದ. ಲೆಸ್ಲಿ ಬಾಗಿಲು ತೆಗೆದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ನಿನ್ನ ಹಿತ್ತಲಲ್ಲಿ ಕಲ್ಲಿದೆ," ಎಂದ ನೆವಿಲ್.

"ಇದೆ. ನಾಲ್ಕು."

"ಮೂರು ಅಂದ್ಕೊಂಡಿದ್ದೆ."

"ಒಂದರ ಮೇಲೆ ಪಾರಿವಾಳದ ಗೂಡಿದೆ. ಅದನ್ನ ಕೇಳೋಕೆ ಮೂವತ್ತೊಂದು ವರ್ಷ ಬೇಕಾಯ್ತಾ ನಿಂಗೆ?"

"ಹೋದ್ಸಲ ಕಿಟಕಿಗೆ ಗುದ್ದಿದ್ದೆ. ಈ ಸಲ ಮರ್ಯಾದೆಯಾಗಿ ಬಾಗಿಲು ತಟ್ಟಿದೀನಿ. ಒಳಗೆ ಬಿಡ್ತೀಯೋ ಇಲ್ವೋ?"

ಇಬ್ಬರು ಮುದುಕರೂ ಸೇರಿ, ಒಬ್ಬರ ಮೇಲೊಬ್ಬರು ರೇಗುತ್ತ, ಪಾರಿವಾಳದ ಗೂಡು ಸರಿಸಿದರು. ನಾಲ್ಕೂ ಕಲ್ಲು ಹಾಸಿದ ಜಾಗದಿಂದ ಅಲುಗಿರಲಿಲ್ಲ. ಹಳಿ ಎಡಕ್ಕೆ ತಿರುಗಿತ್ತು, ಏರು ತಪ್ಪಿಸಿಕೊಂಡು. ನನ್ನ ಮಾತು ಕೇಳಿ ನೇರ ಎಳೆದಿದ್ದರೆ ಅಷ್ಟೂ ಸುಳ್ಳಾಗುತ್ತಿತ್ತು. ನಾನು ಟೇಪು ಹಿಡಿದೆ, ಲೆಸ್ಲಿಯೊಡನೆ ಮಾತ್ರ ಬಾಯಿ ಬಿಡಲಿಲ್ಲ. ನೆವಿಲ್ ಪುಸ್ತಕ ತೆಗೆದದ್ದು ನೋಡಿ ಲೆಸ್ಲಿ ಗಾಬರಿಯಾದ.

"ನನ್ನ ಹೆಸರು ಗಿಸರು ಬೇಡ ಕಣೋ. ನಿಂಗೇ ತೊಂದ್ರೆ."

"ಬ್ಲೂರ್‌ಗೆ ಕೊನೇಲಿ 'ಇ' ಬರುತ್ತಾ?" ಎನ್ನುತ್ತ ನೆವಿಲ್ ಬರೆದೇಬಿಟ್ಟ.

ಕ್ಲಬ್ಬಿನ ಸಮಿತಿಯಲ್ಲಿ ದೊಡ್ಡ ರಂಪವಾಯಿತು. ಡೆನ್ನಿಸ್ ಮೇಚಿನ್ ಮೇಜು ಗುದ್ದಿದ.

"ಈ ಗೋಡೆ ಮೇಲೆ ದ್ರೋಹಿ ಹೆಸರಾ? ಹಾಲು ಹಾಕಿದ್ದು ಸಾಲ್ದೂಂತ ಈಗ ಹಾವಿಗೂ ಹಾಲೆರೀತೀಯಾ? ಆ ಒಂದು ಹೆಸರು ಅಳಿಸು, ನಾಳೆಯೇ ಹಾಕೋಣ."

"ಹೆಸರು ಅಳಿಸಿದ್ರೆ ಗೆರೆನೂ ಅಳಿಸ್ಬೇಕು," ಎಂದ ನೆವಿಲ್, ದನಿ ಏರಿಸದೆ. "ತೋರಿಸಿದ್ದು ಅವನು. ಅವನು ಮಾಡಿದ್ದು ಸರಿ ಅಂತ ನಾನೆಲ್ಲಿ ಬರ್ದಿದೀನಿ? ಕೆಲಸ ಕಳ್ಕೊಂಡಿದ್ದು ನಾನು ಡೆನ್ನಿಸ್, ನೀನಲ್ಲ. ಬೇಡ ಅಂದ್ರೆ ಮಡಚ್ಕೊಂಡು ಹೋಗ್ತೀನಿ."

ಮಡಚಿಯೂ ಬಿಟ್ಟ. ಇಪ್ಪತ್ತಾರು ವರ್ಷದ ಬೆವರನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತ. ಇಂಥ ಮೊಂಡನನ್ನು ನಾನು ಬೇರೆ ಕಂಡಿಲ್ಲ, ಇಷ್ಟು ನೆಟ್ಟಗಿನ ಮನುಷ್ಯನನ್ನೂ ಕಂಡಿಲ್ಲ. ನಾಲ್ವರು ಹಾಕಬೇಕೆಂದರು, ನಾಲ್ವರು ಬೇಡವೆಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಾಕಿ ಎಂದೆ. ಲೆಸ್ಲಿಗಾಗಿ ಖಂಡಿತ ಅಲ್ಲ.

ಭಾನುವಾರ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಜನ ನಕ್ಷೆಯಲ್ಲಿ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ಬಾಗಿಲ ಬಳಿ ಅತಿಥಿಗಳ ಪುಸ್ತಕ ಇಟ್ಟುಕೊಂಡು ನಾನು ಕೂತಿದ್ದೆ. ಸದಸ್ಯರಲ್ಲದವರು ಒಳಗೆ ಬರಬೇಕಾದರೆ ಯಾರಾದರೂ ಸದಸ್ಯರು ತಮ್ಮ ಅತಿಥಿಯೆಂದು ರುಜು ಹಾಕಬೇಕು. ಟೈ ಕಟ್ಟಿಕೊಂಡು ಲೆಸ್ಲಿ ಬಂದ. ಮುಷ್ಕರದ ವರ್ಷ ಅವನ ಸದಸ್ಯತ್ವ ಕಿತ್ತುಹಾಕಿದ್ದೆವು. ಅಂದಿನಿಂದ ಈ ಹೊಸ್ತಿಲು ಮೆಟ್ಟಿರಲಿಲ್ಲ.

"ಐದೇ ನಿಮಿಷ, ಐರಿಸ್. ನೋಡ್ಕೊಂಡು ಹೋಗ್ಬಿಡ್ತೀನಿ."

ನಕ್ಷೆ ಬಿಟ್ಟು ಜನರೆಲ್ಲ ಬಾಗಿಲ ಕಡೆ ನೋಡಿದರು. ಆ ತುದಿಯಲ್ಲಿ ನೆವಿಲ್ ಕುರ್ಚಿಯ ಕೈ ಹಿಡಿದು ಏಳುತ್ತಿದ್ದ. ಅವನ ಮಂಡಿ ಸರಿಯಿಲ್ಲ. ಆ ಎಲ್ಲ ಕಣ್ಣುಗಳ ನಡುವೆ ಕುಂಟಿಕೊಂಡು ಬಂದು ಅವನು ರುಜು ಹಾಕಿಯೇ ಹಾಕುತ್ತಿದ್ದ. ಈ ಭಾರವನ್ನೂ ಅವನೊಬ್ಬನೇ ಹೊರಬೇಕೆ ಎನಿಸಿತು. ಪೆನ್ನು ತೆಗೆದೆ. ಅತಿಥಿ: ಲೆಸ್ಲಿ ಬ್ಲೂರ್. ಕರೆತಂದವರು: ಐರಿಸ್ ಸಾಲ್ಟ್.

ಲೆಸ್ಲಿ ಪುಸ್ತಕವನ್ನೇ ನೋಡುತ್ತ ನಿಂತುಬಿಟ್ಟ.

"ಏನ್ ನೋಡ್ತೀಯ?" ಎಂದೆ. "ಕಾಲೊರೆಸ್ಕೊಂಡು ಒಳಗೆ ಹೋಗು."